ಹೊಲಿದಿದ್ದಾಯಿತು, ತೊಟ್ಟಿದ್ದೆಷ್ಟು ಸಲ?

ತಮ್ಮ ಬಟ್ಟೆ ತಾವೇ ಹೊಲಿದುಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗೆಳತಿಯರೇ, ಈಚೆಗೆ ಧೈರ್ಯ ಮಾಡಿ ನನ್ನ ಹೊಲಿಗೆ ಕ್ಲಾಸಿಗೆ ಸೇರಿಕೊಂಡಿರುವ ಗೆಳೆಯರೇ,

ಒಂದು ಬಟ್ಟೆ ಹೊಲಿದು ಮುಗಿಸಿದ ದಿನ ನೀವೆಲ್ಲ ನನಗೆ ಫೋಟೋ ಕಳಿಸುತ್ತೀರಿ. ಇಸ್ತ್ರಿಯ ಬಿಸಿ ಆರಿರುವುದಿಲ್ಲ, ದಾರದ ತುದಿ ಅಲ್ಲಲ್ಲಿ ನೇತಾಡುತ್ತಿರುತ್ತದೆ, ಅಷ್ಟರಲ್ಲಿ ಫೋಟೋ ಬಂದಾಗಿರುತ್ತದೆ. ನಾನು ಚೆನ್ನಾಗಿದೆ ಅನ್ನುತ್ತೇನೆ, ಅದೇನು ಸುಳ್ಳಲ್ಲ. ಆದರೆ ಅದೇ ಕುರ್ತಾ ಹತ್ತಿಪ್ಪತ್ತು ಸಲ ನೀರು ಕಂಡ ಮೇಲೆ ಹೇಗಿದೆ ಅಂತ ಇದುವರೆಗೆ ಒಬ್ಬರೂ ಹೇಳಿಲ್ಲ. ನಾನೇ ಬಾಯಿಬಿಟ್ಟು ಕೇಳಿದರೆ, "ಅದಾ ಅಕ್ಕ? ಬೀರುವಿನಲ್ಲಿದೆ" ಅನ್ನುತ್ತೀರಿ. ಹೋದ ವರ್ಷ ಹೊಲಿದ ಬಟ್ಟೆ ಬೀರುವಿನಲ್ಲಿ, ಈ ವರ್ಷ ಹೊಲಿಯಲು ತಂದ ಪೀಸು ಮಂಚದ ಕೆಳಗೆ, ದಿನಾ ಮೈಮೇಲೆ ಇರುವುದು ಮಾತ್ರ ಸಂತೆಯಲ್ಲಿ ಕೊಂಡದ್ದು. ಈ ಪತ್ರ ಅದರ ಬಗ್ಗೆ. ನನ್ನ ಕ್ಲಾಸಿಗೆ ಬರುವವರಿಗೆ ಇದನ್ನು ಎದುರಿಗೇ ಹೇಳಬಹುದಿತ್ತು. ಆದರೆ ಮೋಟರ್ ಮಷೀನು ಕೊಂಡು, ವಿಡಿಯೋ ನೋಡಿ ಕಲಿತು, ಊರೂರಲ್ಲಿ ಹೀಗೇ ಹೊಲಿಯುತ್ತಿರುವವರು ಈಗ ಬಹಳ ಜನ ಇದ್ದಾರೆ. ಅವರೂ ಓದಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಕೆಲವರು ಮೇ ತಿಂಗಳಿಡೀ ತಾವು ಹೊಲಿದ ಬಟ್ಟೆಯನ್ನೇ ಹಾಕಿಕೊಳ್ಳುತ್ತೇವೆ ಅಂತ ಹೊರಟಿದ್ದೀರಿ. ಇದು ಇಂಗ್ಲೆಂಡಿನ ಜೋ ಎಡ್ವರ್ಡ್ಸ್ ಎಂಬ ಹೊಲಿಗೆಗಾರ್ತಿ 2010ರಲ್ಲಿ ಶುರುಮಾಡಿದ ಪದ್ಧತಿ, ಹೆಸರು 'ಮೀ ಮೇಡ್ ಮೇ'. ಎಷ್ಟು ದಿನ, ಯಾವ ಬಟ್ಟೆ ಅಂತ ಪ್ರತಿಯೊಬ್ಬರೂ ತಮಗೆ ತಾವೇ ಒಂದು ಪಣ ಹಾಕಿಕೊಳ್ಳುವುದು, ತಿಂಗಳ ಕೊನೆಗೆ ತಮ್ಮ ಬಟ್ಟೆಗಳ ಬಗ್ಗೆ ಏನು ತಿಳಿಯಿತು ಅಂತ ನೋಡಿಕೊಳ್ಳುವುದು. ಒಳ್ಳೆಯ ಯೋಚನೆ, ನನ್ನ ತಕರಾರು ತಿಂಗಳ ಬಗ್ಗೆ ಮಾತ್ರ. ಅವರ ಊರಿನಲ್ಲಿ ಮೇ ಅಂದರೆ ಚಳಿ ಹಿಂದೆ ಸರಿಯುವ ಕಾಲ. ನಮ್ಮಲ್ಲಿ ಮೇ ಅಂದರೆ ಮದುವೆ, ಗೃಹಪ್ರವೇಶ, ಮಕ್ಕಳ ರಜೆ, ತವರುಮನೆ. ರೇಷ್ಮೆ ಸೀರೆಗೆ ಹೊಲಿದ ಬ್ಲೌಸುಗಳು ಸಾಲಾಗಿ ಹೊರಗೆ ಬರುತ್ತವೆ, ನೀವು ಸಲೀಸಾಗಿ ಪಾಸಾಗುತ್ತೀರಿ. ಛತ್ರದಲ್ಲಿ ಮೂರು ಗಂಟೆ ಕುರ್ಚಿಯಲ್ಲಿ ಕೂತು ಬರುವುದು ಬಟ್ಟೆಗೆ ಯಾವ ಪರೀಕ್ಷೆ? ಮೇ ತಿಂಗಳು ಪರೀಕ್ಷೆಯಾಗುವುದು ರಾಯಚೂರು, ಕಲಬುರಗಿಯವರಿಗೆ. ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಲೈನಿಂಗ್ ಹಾಕಿದ ಕುರ್ತಾ ತೊಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಲಿ, ಲೈನಿಂಗ್ ಬೇಕಿತ್ತೋ ಬೇಡವಾಗಿತ್ತೋ ಅಂತ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಶಿವಮೊಗ್ಗದವರು, ಸಾಗರ ತೀರ್ಥಹಳ್ಳಿಯವರು ಆಷಾಢ ಆರಿಸಿಕೊಳ್ಳಿ. ಹಬ್ಬವಿಲ್ಲ, ಮದುವೆಯಿಲ್ಲ, ಬಟ್ಟೆ ಒಣಗುವುದೂ ಇಲ್ಲ. ಅಂಥ ತಿಂಗಳಿನ ಒಂದು ಸಾದಾ ಮಂಗಳವಾರ ನಿಮ್ಮ ಕೈ ತಾನಾಗಿ ಯಾವ ಬಟ್ಟೆಯ ಕಡೆಗೆ ಹೋಗುತ್ತದೆ, ನೋಡಿ. ಬೀರುವಿನಲ್ಲಿ ಉಳಿದಿದ್ದಕ್ಕೆಲ್ಲ ಒಂದೊಂದು ಕಾರಣ ಇರುತ್ತದೆ. ಆ ಕಾರಣ ಹುಡುಕುವುದೇ ಕಲಿಕೆ, ನಾನು ಕ್ಲಾಸಿನಲ್ಲಿ ಹೇಳಿಕೊಡುವುದು ಅದರ ಮುಂದೆ ಬಹಳ ಸಣ್ಣದು.

ಬ್ಲೌಸಿನಿಂದ ಶುರುಮಾಡುತ್ತೇನೆ. ಸ್ವಂತ ಅಳತೆಗೆ ಹೊಲಿದ ಬಟ್ಟೆ ಅನ್ನುವುದು ನಮಗೇನೂ ಹೊಸತಲ್ಲ. ಗಂಡಸರ ಶರ್ಟು ಪ್ಯಾಂಟು ರೆಡಿಮೇಡ್ ಆಗಿ ಎಷ್ಟೋ ಕಾಲವಾಯಿತು, ಅವರ ಟೇಲರುಗಳು ಈಗ ಹೆಚ್ಚಾಗಿ ಪ್ಯಾಂಟಿನ ಕಾಲು ಗಿಡ್ಡ ಮಾಡಿಕೊಂಡು ಕೂತಿದ್ದಾರೆ. ಸೀರೆಯ ಬ್ಲೌಸು ಮಾತ್ರ ಇನ್ನೂ ಅಳತೆ ಬ್ಲೌಸು ಕೊಟ್ಟು, ಲೈನಿಂಗ್ ಪೀಸು ಕೊಟ್ಟು, ಹಬ್ಬದ ಹಿಂದಿನ ದಿನ ಹೋಗಿ ಜಗಳಾಡಿ ತರುವ ವಸ್ತುವಾಗಿಯೇ ಉಳಿದಿದೆ. ಹಾಗಾಗಿ ಬ್ಲೌಸನ್ನು ಪರೀಕ್ಷೆ ಮಾಡುವುದು ನಿಮ್ಮ ಅಮ್ಮಂದಿರಿಗೂ ಗೊತ್ತಿತ್ತು. ಅವರು ಕನ್ನಡಿ ನೋಡುತ್ತಿರಲಿಲ್ಲ, ಕೈ ಎತ್ತಿ ತುರುಬು ಕಟ್ಟಿಕೊಂಡು ನೋಡುತ್ತಿದ್ದರು, ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚುತ್ತಿದ್ದರು. ನೀವು ಇನ್ನೂ ಎರಡು ಸೇರಿಸಿಕೊಳ್ಳಿ. ಸ್ಕೂಟರಿನ ಹ್ಯಾಂಡಲ್ ಹಿಡಿದಾಗ ಬೆನ್ನಿನ ಅಗಲ ಸಾಕಾಗುತ್ತದೆಯೇ ಅನ್ನುವುದು ಒಂದು, ಬಸ್ಸಿನ ಮೇಲಿನ ಕಂಬಿ ಹಿಡಿದು ನಿಂತಾಗ ಏನಾಗುತ್ತದೆ ಅನ್ನುವುದು ಇನ್ನೊಂದು. 2023ರ ಜೂನ್ 11ಕ್ಕೆ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ನಮಗೆಲ್ಲ ಬಸ್ಸಿನಲ್ಲಿ ನಿಲ್ಲುವ ಅಭ್ಯಾಸ ಚೆನ್ನಾಗಿಯೇ ಆಗಿದೆಯಲ್ಲ!

ಕೈ ಎತ್ತಿದಾಗ ಬ್ಲೌಸು ಮೇಲೆ ಸರಿದು ಕೆಳಗಿನ ಪಟ್ಟಿ ಎದೆಗೆ ಬಂದರೆ ನೀವೆಲ್ಲ ಮಾಡುವ ಚಿಕಿತ್ಸೆ ಒಂದೇ: ಕಂಕುಳು ಬಿಗಿ ಅಂತ ತೀರ್ಮಾನಿಸಿ ಆರ್ಮ್‌ಹೋಲನ್ನು ಇನ್ನಷ್ಟು ಕೆಳಗೆ ಕತ್ತರಿಸುವುದು. ಅದರಿಂದ ಕಾಟ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆರ್ಮ್‌ಹೋಲ್ ಕೆಳಗಿಳಿದಷ್ಟೂ ತೋಳು ಬ್ಲೌಸಿನ ಬದಿಯನ್ನು ಎಲ್ಲೋ ಪಕ್ಕೆಯ ಹತ್ತಿರ ಹಿಡಿದುಕೊಂಡಿರುತ್ತದೆ, ಕೈ ಎತ್ತಿದ ಕೂಡಲೇ ಇಡೀ ಬ್ಲೌಸನ್ನೇ ಎಳೆದುಕೊಂಡು ಹೋಗುತ್ತದೆ. ಕಂಕುಳಿಗೆ ಹತ್ತಿರವಿದ್ದು, ಚುಚ್ಚದಷ್ಟು ಮಾತ್ರ ಸಡಿಲ ಇರುವ ಆರ್ಮ್‌ಹೋಲೇ ಕೈಯನ್ನು ಬಿಡುಗಡೆ ಮಾಡುವುದು. ಇನ್ನು ತೋಳಿನ ಮೇಲ್ತುದಿಯ ಉಬ್ಬು. ಅದು ಎತ್ತರವಾದಷ್ಟೂ ಕೈ ಇಳಿಬಿಟ್ಟು ನಿಂತಾಗ ತೋಳು ನುಣ್ಣಗೆ ಕೂರುತ್ತದೆ, ಕೈ ಎತ್ತಿದಾಗ ಹಿಡಿಯುತ್ತದೆ. ತಗ್ಗಿಸಿದರೆ ಕೈ ಆರಾಮ, ಆದರೆ ನಿಂತಾಗ ಕಂಕುಳ ಹತ್ತಿರ ನೆರಿಗೆ ಬೀಳುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಫೋಟೋ ತೆಗೆಯುವಾಗ ಯಾರೂ ಕೈ ಎತ್ತಿ ನಿಲ್ಲುವುದಿಲ್ಲವಾದ್ದರಿಂದ ಎಲ್ಲರೂ ನೆರಿಗೆ ಇಲ್ಲದ ತೋಳನ್ನೇ ಚೆಂದ ಅನ್ನುತ್ತಾರೆ. ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುವವರಿಗೆ, ಅಂಗಡಿಯಲ್ಲಿ ಮೇಲಿನ ಶೆಲ್ಫಿನಿಂದ ಸಾಮಾನು ತೆಗೆಯುವವರಿಗೆ ಆ ಎರಡು ನೆರಿಗೆಯೇ ಬೇಕು. ಕ್ಲಾಸಿನಲ್ಲಿ ನೀವು "ಇಲ್ಲಿ ನೆರಿಗೆ ಬಂತು ಅಕ್ಕ" ಅಂತ ಮುಖ ಸಣ್ಣ ಮಾಡಿದಾಗ ನಾನು "ಕೈ ಎತ್ತಿ" ಅನ್ನುವುದು ಇದಕ್ಕೇ.

ಬಟ್ಟೆಯ ವಿಷಯಕ್ಕೆ ಬರುತ್ತೇನೆ, ಬೀರುವಿನಲ್ಲಿ ಸೆರೆಯಾದ ಅರ್ಧ ಬಟ್ಟೆಗಳ ಕಾರಣ ಅಲ್ಲಿದೆ. ಮಗ್ಗದ ಮೇಲೆ ಹಾಸಿನ ಎಳೆಗಳನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಮೊದಲ ಸಲ ನೀರು ಕಂಡಾಗ ಆ ಬಿಗುವು ಸಡಿಲವಾಗಿ ಬಟ್ಟೆ ಉದ್ದದಲ್ಲಿ ಕುಗ್ಗುತ್ತದೆ, ಅಗಲದಲ್ಲಿ ಅಷ್ಟಿಲ್ಲ. ಕೈಮಗ್ಗದ ಹತ್ತಿ ಮೀಟರಿಗೆ ಮೂರ್ನಾಲ್ಕು ಸೆಂಟಿಮೀಟರ್ ಕುಗ್ಗುವುದು ಸಾಮಾನ್ಯ. ಮೊಣಕಾಲಿನವರೆಗೆ ಇದ್ದ ಕುರ್ತಾ ಮೊಣಕಾಲಿನ ಮೇಲೆ ಬಂದು ನಿಂತಿತು ಅಂತ ನೀವು ಅದನ್ನು ತೊಡದೆ ಇಡುವುದು ಇದರಿಂದಲೇ. ಬ್ಲೌಸಿನಲ್ಲಿ ಇನ್ನೊಂದು ತಮಾಷೆ ನಡೆಯುತ್ತದೆ. ಮೇಲಿನ ಬಟ್ಟೆ ರೇಷ್ಮೆ, ಒಳಗಿನದು ಹತ್ತಿಯ ಲೈನಿಂಗ್. ಲೈನಿಂಗನ್ನು ನೆನೆಹಾಕದೆ ಹೊಲಿದರೆ ಒಳಗಿನದು ಕುಗ್ಗುತ್ತದೆ, ಮೇಲಿನದು ಕುಗ್ಗುವುದಿಲ್ಲ, ಬ್ಲೌಸಿನ ತುಂಬ ಸುಕ್ಕು. ನೀವು ದಾರ ಬಿಗಿಯಾಯಿತು ಅಂತ ಮಷೀನನ್ನು ಬೈಯುತ್ತೀರಿ. ಪೀಸನ್ನೂ ಲೈನಿಂಗನ್ನೂ ರಾತ್ರಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ ಕತ್ತರಿಸಿ ಅಂತ ಮೊದಲ ದಿನವೇ ಹೇಳಿದ್ದೆ. ರೇಷ್ಮೆಗೆ ಇದು ಬೇಡ. ಹತ್ತಿಗೆ ಬೇಕು, ಟೂ ಬೈ ಟೂ ರೂಬಿಯಾಕ್ಕೂ ಬೇಕು.

ಬಣ್ಣದ್ದು ಬೇರೆಯೇ ಕಥೆ. ನೆನೆಹಾಕುವಾಗ ಒಂದು ಹಿಡಿ ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರ ಮನೆಯಲ್ಲೂ ಹೇಳುತ್ತಾರೆ. ಉಪ್ಪಿಗೆ ಕೆಲಸ ಇರುವುದು ಬಣ್ಣ ಹಾಕುವ ಹಂಡೆಯಲ್ಲಿ, ಎಳೆಗೆ ಬಣ್ಣ ಹತ್ತುವ ಹೊತ್ತಿನಲ್ಲಿ. ಬಣ್ಣ ಹಾಕಿ, ನೇಯ್ದು, ಅಂಗಡಿಗೆ ಬಂದ ಮೇಲೆ ಸಡಿಲವಾಗಿ ಉಳಿದ ಬಣ್ಣ ನೀರಿಗೆ ಹೋಗಿಯೇ ತೀರಬೇಕು, ಅದು ಪೂರ್ತಿ ಹೋಗುವವರೆಗೆ ತೊಳೆಯುವುದೊಂದೇ ದಾರಿ. ಬಿಳಿ ಬಟ್ಟೆಯ ಒಂದು ತುಂಡನ್ನು ಒದ್ದೆ ಮಾಡಿ ಪೀಸಿನ ಮೇಲೆ ಉಜ್ಜಿ ನೋಡಿ, ಬಣ್ಣ ಹತ್ತಿದರೆ ಅದರ ಜೊತೆಗೆ ಬಿಳಿ ಪೈಪಿಂಗ್ ಇಡುವ ಆಸೆ ಬಿಡಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದಲ್ಲ, ಆ ಬಟ್ಟೆ ಭಾರತೀಯ ಮಾನಕ ಬ್ಯೂರೋದ ಪರೀಕ್ಷೆ ದಾಟಿ ಬರಬೇಕು. ಎಳೆ ಎಷ್ಟಿದೆ, ತೂಕ ಎಷ್ಟಿದೆ, ಬಣ್ಣ ಬಿಸಿಲಿಗೂ ನೀರಿಗೂ ಗಟ್ಟಿಯೇ ಅಂತ ನೋಡಿಯೇ ಮುದ್ರೆ ಬೀಳುವುದು. ನಮ್ಮ ಕುರ್ತಾಗಳಿಗೆ ಅಂಥ ಬ್ಯೂರೋ ಯಾವುದೂ ಇಲ್ಲ, ಇರುವುದು ಹಿತ್ತಿಲ ಬಟ್ಟೆ ಒಗೆಯುವ ಕಲ್ಲು. ಹೆಗ್ಗೋಡಿನ ಪಕ್ಕ ಭೀಮನಕೋಣೆಯ ಚರಕ ಸಂಸ್ಥೆಯವರು ಅಡಿಕೆ ಚೊಗರಿನಿಂದ ಬಣ್ಣ ಹಾಕಿದ ಬಟ್ಟೆ ಮಾಡುತ್ತಾರೆ. ನಮ್ಮ ತೋಟದ ಬಣ್ಣ ನಮ್ಮ ಮೈಮೇಲೆ ಬಂದಿತು ಅನ್ನುವ ಸಂತೋಷ ನನಗೂ ಇದೆ. ಆದರೆ ಸಸ್ಯದ ಬಣ್ಣಗಳ ಸ್ವಭಾವ ತಿಳಿದು ಕೊಳ್ಳಬೇಕು. ಹುಳಿ ಬಿದ್ದ ಜಾಗದಲ್ಲಿ ಬಣ್ಣ ತಿರುಗೀತು, ಬಿಸಿಲಲ್ಲಿ ಮರೆತು ಬಿಟ್ಟರೆ ಒಂದು ಮಗ್ಗುಲು ತೆಳುವಾದೀತು. ಅಂಥ ಬಟ್ಟೆಯಲ್ಲಿ ಅಡುಗೆಮನೆಯ ಕುರ್ತಾ ಹೊಲಿಯಬೇಡಿ. ಆಫೀಸಿಗೆ ಹೊಲಿಯಿರಿ, ವರ್ಷಗಟ್ಟಲೆ ಚೆಂದವಾಗಿಯೇ ಮಾಗುತ್ತದೆ.

ಖಣದ ಹುಚ್ಚು ಈಗ ಎಲ್ಲರಿಗೂ ಹಿಡಿದಿದೆ. ಗುಳೇದಗುಡ್ಡದ ಖಣ ನೇಯುತ್ತಿದ್ದದ್ದು ರವಿಕೆಗೆ ಅಂತಲೇ, ಅದಕ್ಕೇ ಅದರ ಪನ್ನ ಕಿರಿದು. ಅದನ್ನು ಕುರ್ತಾ ಮಾಡಲು ಹೊರಟರೆ ಎಲ್ಲೆಲ್ಲೋ ಜೋಡು ಹಾಕಬೇಕಾಗುತ್ತದೆ. ಜೋಡು ಹಾಕುವುದು ತಪ್ಪಲ್ಲ, ಅಂಚನ್ನು ಬದಿಯ ಪಟ್ಟಿಯಾಗಿ ಬಳಸಿದವರು ನಮ್ಮಲ್ಲೇ ಇದ್ದಾರೆ, ಬಹಳ ಚೆನ್ನಾಗಿತ್ತು. ನನ್ನ ಹೊಟ್ಟೆಯುರಿ ಬೇರೆ. ಖಣ ಅಂತ ಅಗ್ಗಕ್ಕೆ ಸಿಗುವ ಎಷ್ಟೋ ಬಟ್ಟೆ ಪಾಲಿಯೆಸ್ಟರು. ಮೂಲೆಯ ಒಂದೆರಡು ಎಳೆ ಎಳೆದು ಬೆಂಕಿ ಕಡ್ಡಿಗೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿ ಬಂದ ಬಟ್ಟೆಯಿಂದ ಚೀಲ ಹೊಲಿಯಿರಿ, ದಿಂಬಿನ ಕವರು ಹೊಲಿಯಿರಿ, ಮೈಗೆ ಬೇಡ.

ಇನ್ನು ಮಳೆ. ನಮ್ಮ ಮಲೆನಾಡಿನ ಬಟ್ಟೆಗೆ ಆಷಾಢಕ್ಕಿಂತ ಕಠಿಣವಾದ ಪರೀಕ್ಷಕರಿಲ್ಲ. ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿದರೂ ಮೂರು ದಿನ. ಅದರಲ್ಲೂ ಒಂದು ಬಟ್ಟೆಯ ಎಲ್ಲ ಭಾಗ ಒಂದೇ ಸಮ ಒಣಗುವುದಿಲ್ಲ. ಕಾಲರು, ಸೊಂಟದ ಪಟ್ಟಿ, ಬಕ್ರಂ ಇಟ್ಟ ಕತ್ತು, ನಾಲ್ಕು ಪದರ ಸೇರುವ ಕಂಕುಳು ಇವು ಕೊನೆಗೆ ಒಣಗುತ್ತವೆ, ಮುಗ್ಗುಲು ವಾಸನೆಯೂ ಬೂಷ್ಟಿನ ಕಪ್ಪು ಚುಕ್ಕೆಯೂ ಶುರುವಾಗುವುದು ಅಲ್ಲಿಂದಲೇ. ಬ್ಲೌಸಿನ ಹುಕ್ಕು ತುಕ್ಕು ಹಿಡಿದು ಪಟ್ಟಿಗೆ ಕಂದು ಕಲೆ ಕೊಡುತ್ತದೆ. ವಿಡಿಯೋದಲ್ಲಿ ಹೇಳಿಕೊಡುವವರು ಹೊಲಿಗೆ ಬಲವಾಗಿರಲಿ ಅಂತ ಪದರದ ಮೇಲೆ ಪದರ ಇಡಿಸುತ್ತಾರೆ, ಅವರಲ್ಲಿ ಬಹಳ ಜನ ನಮ್ಮ ಮಳೆ ಕಂಡಿಲ್ಲ. ಮಳೆಗಾಲಕ್ಕೆ ಲೈನಿಂಗ್ ಇಲ್ಲದ, ಕಾಲರಿಲ್ಲದ, ತೆಳು ಹತ್ತಿಯ, ಒಳಗಿನ ಅಂಚಿಗೆ ಓವರ್‌ಲಾಕ್ ಮಾತ್ರ ಮಾಡಿದ ಬಟ್ಟೆ ಹೊಲಿದುಕೊಳ್ಳಿ. ಪಲಾಝೋದ ಅಂಚು ಪಾದ ಮುಟ್ಟುವಂತಿದ್ದರೆ ಕೆಸರು ಮೊಣಕಾಲಿನವರೆಗೆ ಏರುತ್ತದೆ, ನಾಲ್ಕು ಬೆರಳು ಮೇಲೆ ಇರಲಿ. ಇಷ್ಟು ನೋಡಿ ಹೊಲಿದ ಎರಡು ಜೊತೆ ಇದ್ದರೆ ಮಳೆಗಾಲ ಕಳೆಯಿತು.

ಹೊಲಿಗೆಯೇನೋ ನಮ್ಮದು, ಆದರೆ ಹೆಮ್ಮೆಯ ಬಗ್ಗೆ ಒಂದು ಮಾತು ಹೇಳಬೇಕು. ಈಚೆಗೆ ಕೆಲವರ ಬಾಯಲ್ಲಿ "ನಾನು ಫ್ಯಾಕ್ಟರಿ ಬಟ್ಟೆ ಮುಟ್ಟುವುದಿಲ್ಲ, ಕೈಯಲ್ಲಿ ಮಾಡಿದ್ದೇ ಹಾಕುವುದು" ಅನ್ನುವ ಮಾತು ಕೇಳುತ್ತಿದ್ದೇನೆ. ನಮ್ಮದು ಎಷ್ಟರಮಟ್ಟಿಗೆ ಕೈಯದ್ದು? ಹೊಲಿಯುವುದು ಮಷೀನಿನಲ್ಲೇ. ಯಂತ್ರಗಳ ಬಗ್ಗೆ ಅಷ್ಟು ಅನುಮಾನ ಪಡುತ್ತಿದ್ದ ಗಾಂಧೀಜಿ 1924ರಲ್ಲಿ ಒಂದು ಮಾತುಕತೆಯಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೂತು ಕೂತು ಕೈಯಲ್ಲಿ ಹೊಲಿಯುವ ಕಷ್ಟ ನೋಡಲಾರದೆ, ಪ್ರೀತಿಯಿಂದ ಸಿಂಗರ್ ಆ ಯಂತ್ರ ಮಾಡಿದ ಅಂತ ಅವರು ನಂಬಿದ್ದರು. 1851ರಲ್ಲಿ ಪೇಟೆಂಟ್ ಪಡೆದ ಐಸಾಕ್ ಸಿಂಗರನ ಸಂಸಾರ ಒಂದಲ್ಲ, ಹಲವು. ಅದನ್ನು ಗಾಂಧೀಜಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಅದಿರಲಿ, ಫ್ಯಾಕ್ಟರಿಯ ಬಟ್ಟೆಯೂ ಕೈಯಿಂದಲೇ ಆಗುವುದು. ಬಟ್ಟೆಯನ್ನು ಸೂಜಿಯ ಕೆಳಗೆ ತಾನಾಗಿ ತಿರುಗಿಸಿ ತೋಳು ಕೂಡಿಸುವ ಯಂತ್ರ ನಮ್ಮ ಗಾರ್ಮೆಂಟ್ಸ್‌ಗಳಿಗೆ ಬಂದಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ, ನಮ್ಮ ಶಿವಮೊಗ್ಗದಲ್ಲೂ ಸಾಲಾಗಿ ಕೂತ ಹೆಣ್ಣುಮಕ್ಕಳು, ಒಬ್ಬಳು ದಿನವಿಡೀ ಕಾಲರು, ಇನ್ನೊಬ್ಬಳು ದಿನವಿಡೀ ಜೇಬು ಹೊಲಿಯುತ್ತಾರೆ. ಗಂಟೆಗೆ ಇಷ್ಟು ಪೀಸು ಅಂತ ಲೆಕ್ಕ. 2016ರ ಏಪ್ರಿಲ್‌ನಲ್ಲಿ ಪ್ರಾವಿಡೆಂಟ್ ಫಂಡಿನ ಹಣ ತೆಗೆಯುವ ನಿಯಮ ಬದಲಿಸಲು ಹೊರಟಾಗ ಬೆಂಗಳೂರಿನ ರಸ್ತೆಗಿಳಿದು, ಕೇಂದ್ರ ಸರ್ಕಾರ ಆ ನಿಯಮ ವಾಪಸು ತೆಗೆದುಕೊಳ್ಳುವಂತೆ ಮಾಡಿದವರು ಇವರೇ. ನಮ್ಮ ಕ್ಲಾಸಿನಲ್ಲೇ ಗಾರ್ಮೆಂಟ್ಸ್‌ನಲ್ಲಿ ಕೆಲಸ ಬಿಟ್ಟು ಬಂದವರಿದ್ದಾರೆ, ಅವರ ನೇರ ಹೊಲಿಗೆಯ ಮುಂದೆ ನನ್ನದು ಏನೇನೂ ಅಲ್ಲ. ಅವರ ಎದುರು ಕೂತು ಫ್ಯಾಕ್ಟರಿ ಬಟ್ಟೆ ಅಂತ ಮೂಗು ಮುರಿಯಬೇಡಿ. ರೆಡಿಮೇಡ್ ಶರ್ಟಿನ ಕಾಲರನ್ನು ಒಳಗು ಹೊರಗು ಮಾಡಿ ನೋಡಿ, ಕಲಿಯುವುದಕ್ಕೆ ಅದರಲ್ಲಿ ಬೇಕಾದಷ್ಟಿದೆ. ನಾವು ಹೊಲಿದದ್ದು ಅದಕ್ಕಿಂತ ಚೆನ್ನಾಗಿ ಕೂತರೆ ಕಾರಣ ಒಂದೇ, ಅವರು ಕಾಣದ ಯಾರಿಗೋ ಹೊಲಿಯುತ್ತಾರೆ, ನಾವು ಅಳೆದ ಮೈಗೆ ಹೊಲಿಯುತ್ತೇವೆ.

ದುಡ್ಡಿನ ಲೆಕ್ಕವನ್ನೂ ಸರಿಮಾಡಿಕೊಳ್ಳೋಣ. ಮನೆಯಲ್ಲೇ ಹೊಲಿದರೆ ಉಳಿತಾಯ ಅಂತ ನಿಮ್ಮ ಮನೆಯವರು ಮಷೀನು ಕೊಡಿಸಿರಬಹುದು. ಬಟ್ಟೆ, ಲೈನಿಂಗ್, ದಾರ, ಜಿಪ್ಪು, ಕರೆಂಟು, ನಿಮ್ಮ ಹೊತ್ತು ಎಲ್ಲ ಸೇರಿಸಿದರೆ ಸಂತೆಯ ಕುರ್ತಾಕ್ಕಿಂತ ಕಡಿಮೆಗೆ ನೀವು ಹೊಲಿಯಲಾರಿರಿ. ಉಳಿತಾಯ ಕಾಣಿಸುವುದು ನಿಮ್ಮ ಸಮಯಕ್ಕೆ ಸೊನ್ನೆ ಬೆಲೆ ಕಟ್ಟಿದಾಗ ಮಾತ್ರ. ಗಂಡ ಮಕ್ಕಳೆಲ್ಲ ಮಲಗಿದ ಮೇಲೆ ಹನ್ನೊಂದು ಗಂಟೆಯವರೆಗೆ ಕೂತು ಹೊಲಿದ ಹೊತ್ತು ಯಾವ ಲೆಕ್ಕದ ಪುಸ್ತಕದಲ್ಲೂ ಇರುವುದಿಲ್ಲ. ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಅದರ ಬದಲು ಬೇರೆ ಲೆಕ್ಕ ಇಡಿ. ಸಾವಿರದ ಇನ್ನೂರು ರೂಪಾಯಿ ಖರ್ಚಾದ ಕುರ್ತಾ ಮೂರು ಸಲ ತೊಟ್ಟರೆ ಒಂದೊಂದು ಸಲಕ್ಕೆ ನಾನೂರು ರೂಪಾಯಿ ಬಿತ್ತು. ಇನ್ನೂರೈವತ್ತು ರೂಪಾಯಿಯ ಲಂಗ ವಾರಕ್ಕೆರಡು ಸಲದಂತೆ ಎರಡು ವರ್ಷ ಬಂದರೆ ಒಂದು ಸಲಕ್ಕೆ ಒಂದೂಕಾಲು ರೂಪಾಯಿಯೂ ಆಗಲಿಲ್ಲ. ನೀವು ಹೊತ್ತು ಹಾಕಿದ್ದು ಯಾವುದರಲ್ಲಿ ನಿಂತಿತು ಅಂತ ಇದರಲ್ಲಿ ಕಾಣುತ್ತದೆ.

ಲಂಗ ಅಂದೆನಲ್ಲ, ನನ್ನ ದೊಡ್ಡ ದೂರೇ ಅದು. ಲಂಗ, ನೈಟಿ, ಶಮೀಜು, ಮನೆಯ ಪೈಜಾಮ ಇವನ್ನು ನೀವು ಹೊಲಿಯುವುದೇ ಇಲ್ಲ. ಎಲ್ಲರಿಗೂ ಪ್ರಿನ್ಸೆಸ್ ಕಟ್ ಬೇಕು, ಬೆನ್ನಿಗೆ ದೋರಿ ಬೇಕು, ತೋಳಿಗೆ ಕಸೂತಿ ಬೇಕು. ಲೆಕ್ಕ ಹಾಕಿ ನೋಡಿ, ಕರ್ನಾಟಕದ ಹೆಂಗಸರ ಮೈಮೇಲೆ ದಿನದ ಹೆಚ್ಚು ಹೊತ್ತು ಇರುವ ಬಟ್ಟೆ ಇಳಕಲ್ ಸೀರೆಯಲ್ಲ, ನೈಟಿ! ಬೆಳಗ್ಗೆ ಹಾಲಿನವನಿಗೆ ಬಾಗಿಲು ತೆಗೆಯುವುದು, ರಂಗೋಲಿ ಹಾಕುವುದು, ಅಡುಗೆ, ತರಕಾರಿ ಗಾಡಿಯ ಹತ್ತಿರ ಚೌಕಾಸಿ, ಎಲ್ಲ ಅದರಲ್ಲೇ, ಹೆಗಲ ಮೇಲೊಂದು ಟವೆಲು. ಅಷ್ಟು ದುಡಿಯುವ ಬಟ್ಟೆಯನ್ನು ನಾವು ಅಂಗಡಿಯವನು ಕೊಟ್ಟ ಹಾಗೆ ತರುತ್ತೇವೆ. ಕತ್ತು ಅಗಲ, ತೋಳು ಗ್ಯಾಸ್ ಒಲೆಯ ಕಡೆ ಜೋಲುತ್ತದೆ, ಜೇಬಿಲ್ಲ, ಬಗ್ಗಿದರೆ ಮುಂದಿನದೆಲ್ಲ ಕಾಣುತ್ತದೆ ಅಂತಲೇ ಆ ಟವೆಲು. ಟವೆಲು ಬೇಕಾಗದ ಒಂದು ನೈಟಿ ಹೊಲಿಯಿರಿ. ಕತ್ತು ಮೇಲಿರಲಿ, ಎದೆಯ ಹತ್ತಿರ ಎರಡು ನೆರಿಗೆ ಹೆಚ್ಚಿಗೆ ಇರಲಿ, ತೋಳು ಮೊಣಕೈಯಿಂದ ಮೇಲಿರಲಿ. ಜೇಬು ಇಡಿ. ಜೇಬನ್ನು ಬದಿಯ ಹೊಲಿಗೆಗೆ ಸುಮ್ಮನೆ ನೇತುಹಾಕಿದರೆ ಮೊಬೈಲಿನ ಭಾರಕ್ಕೆ ಒಂದು ಮಗ್ಗುಲು ಎಳೆದು ಜೋಲುತ್ತದೆ. ಅದರ ಮೇಲಂಚನ್ನು ಯೋಕಿನ ಹೊಲಿಗೆಗೋ ಸೊಂಟದ ಹೊಲಿಗೆಗೋ ಸೇರಿಸಿ, ಭಾರ ಹೆಗಲು ಹೊರುತ್ತದೆ. ಬಸ್ಸಿಗೆ ಹೋಗುವ ಕುರ್ತಾಕ್ಕೂ ಹೀಗೇ ಜೇಬು ಇಡಿ, ಕಂಡಕ್ಟರ್ ಬಂದಾಗ ಆಧಾರ್ ಕಾರ್ಡಿಗಾಗಿ ವ್ಯಾನಿಟಿ ಬ್ಯಾಗಿನ ತಳ ಕೆದಕುವುದು ತಪ್ಪುತ್ತದೆ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಗಾದೆ. ಈ ಗಾದೆಯನ್ನು ನಾನು ಮೊದಲಿನಿಂದಲೂ ಅರ್ಧ ಮಾತ್ರ ಒಪ್ಪಿದ್ದೇನೆ. ಪರರು ನೋಡುವುದು ಕ್ಷಣ ಹೊತ್ತು, ಸೊಂಟದ ಲಾಡಿ ಕಚ್ಚುವುದು ದಿನವಿಡೀ. ಆದರೂ ಪರರ ಮಾತು ಕಿವಿಗೆ ಬೀಳದಿರುವುದಿಲ್ಲ. "ನೀವೇ ಹೊಲಿದಿದ್ದಾ?" ಅಂತ ಯಾರಾದರೂ ಕೇಳಿದರೆ ಸಾಕು, ನೀವು ಇದ್ದಬದ್ದ ದೋಷವನ್ನೆಲ್ಲ ಬೆರಳಿಟ್ಟು ತೋರಿಸುತ್ತೀರಿ. ಇಲ್ಲಿ ಜಿಪ್ಪು ಸೊಟ್ಟ, ಇಲ್ಲಿ ಡಾರ್ಟ್ಸ್ ಒಂದು ಉದ್ದ ಒಂದು ಗಿಡ್ಡ. ಕೇಳಿದವರಿಗೆ ಅದು ಕಂಡೇ ಇರಲಿಲ್ಲ. ಹೌದು ಅಂದು ಸುಮ್ಮನಾಗಿ. ಕಾಲಿಂಚಿನ ಸೊಟ್ಟ ಹೊಲಿಗೆಯಿಂದ ಯಾವ ಬಟ್ಟೆಯೂ ಬೀರು ಸೇರುವುದಿಲ್ಲ, ನಾನು ನೋಡಿದ ಮಟ್ಟಿಗೆ ಸೇರುವುದು ಚುಚ್ಚುವ ಕತ್ತು, ಸೆಕೆಯ ಬಟ್ಟೆ, ಜೊತೆಗೆ ಹಾಕಲು ಪ್ಯಾಂಟಿಲ್ಲದ ಬಣ್ಣ, ಇವುಗಳಿಂದ.

ಮತ್ತೆ, ಮೈ ಬದಲಾಗುವುದರಿಂದ. ಇದನ್ನು ಗಂಭೀರವಾಗಿ ಹೇಳುತ್ತಿದ್ದೇನೆ. ಬ್ಲೌಸು ಬಿಗಿಯಾದರೆ ಬ್ಲೌಸು ಚಿಕ್ಕದಾಯಿತು ಅಂತ ಯಾರೂ ಅನ್ನುವುದಿಲ್ಲ, "ನಾನು ದಪ್ಪ ಆದೆ" ಅನ್ನುತ್ತೀರಿ, ಸಣ್ಣಗಾದ ಮೇಲೆ ಹಾಕಿಕೊಳ್ಳುತ್ತೇನೆ ಅಂತ ಮಡಚಿ ಇಡುತ್ತೀರಿ. ಹೆರಿಗೆಯಾದ ಮೇಲೆ, ಥೈರಾಯ್ಡ್ ಬಂದ ಮೇಲೆ, ಮುಟ್ಟು ನಿಲ್ಲುವ ಕಾಲದಲ್ಲಿ ಹೆಂಗಸಿನ ಮೈ ಎಷ್ಟೋ ಸಲ ಬದಲಾಗುತ್ತದೆ, ಬಟ್ಟೆ ಅದರ ಹಿಂದೆ ಬರಬೇಕು. ನಮ್ಮ ಹಳೆಯ ಲೇಡೀಸ್ ಟೇಲರುಗಳಿಗೆ ಇದು ತಿಳಿದಿತ್ತು. ಬ್ಲೌಸಿನ ಬದಿಯಲ್ಲಿ ಒಳಗೆ ಒಂದೂವರೆ ಅಂಗುಲ ಬಟ್ಟೆ ಬಿಟ್ಟು, ಒಂದರ ಪಕ್ಕ ಒಂದರಂತೆ ಎರಡು ಮೂರು ಹೊಲಿಗೆ ಹಾಕಿ ಕೊಡುತ್ತಿದ್ದರು. ಬಿಗಿಯಾದಾಗ ಒಳಗಿನ ಒಂದು ಹೊಲಿಗೆ ಬಿಚ್ಚಿದರೆ ಆಯಿತು, ಅದಕ್ಕೆ ಟೇಲರ್ ಬೇಕಿಲ್ಲ, ಬ್ಲೇಡು ಸಾಕು. ರೆಡಿಮೇಡ್ ಬಟ್ಟೆಯಲ್ಲಿ ಒಳಗೆ ಬೆರಳಗಲವೂ ಬಿಟ್ಟಿರುವುದಿಲ್ಲ. ನೀವು ವಿಡಿಯೋ ನೋಡಿ ಅರ್ಧ ಅಂಗುಲ ಬಿಟ್ಟು, ಚೊಕ್ಕವಾಗಿ ಓವರ್‌ಲಾಕ್ ಮಾಡಿ, ಉಳಿದದ್ದನ್ನು ಕತ್ತರಿಸಿ ಎಸೆಯುತ್ತಿದ್ದೀರಿ. ನೋಡಲು ಅದು ಅಚ್ಚುಕಟ್ಟು. ಎರಡು ವರ್ಷದ ನಂತರ ನೀವೇ ಅದನ್ನು ಬೈದುಕೊಳ್ಳುತ್ತೀರಿ. ಕುರ್ತಾದ ಬದಿಯಲ್ಲಿ, ಪ್ಯಾಂಟಿನ ಹಿಂದಿನ ಮಧ್ಯದ ಹೊಲಿಗೆಯಲ್ಲಿ, ಮಕ್ಕಳ ಬಟ್ಟೆಯಾದರೆ ಕೆಳಗಿನ ಅಂಚಿನಲ್ಲೂ ಬಟ್ಟೆ ಬಿಡಿ. ದಪ್ಪಗಿರುವ ಅಂಚು ಮಳೆಯಲ್ಲಿ ಒಣಗುವುದಿಲ್ಲ ಅಂತ ಆಗಲೇ ಹೇಳಿದ್ದೆನಲ್ಲ, ಹಾಗಾದರೆ ಯಾವುದನ್ನು ಕೇಳಬೇಕು ಅನ್ನುತ್ತೀರಿ. ಮಳೆಗಾಲದ ಎರಡು ಜೊತೆ ಬಿಟ್ಟು ಉಳಿದದ್ದಕ್ಕೆಲ್ಲ ಇದು.

ಏನು ಮಾಡಿದರೂ ಮೈಗೆ ಬಾರದ ಬಟ್ಟೆಯನ್ನು ಇಟ್ಟುಕೊಂಡು ಕೊರಗಬೇಡಿ. ಬಿಚ್ಚಿ. ದೊಡ್ಡವರ ಕುರ್ತಾದಲ್ಲಿ ಮಗುವಿನ ಕುಲಾಯಿಯೂ ಅಂಗಿಯೂ ಆಗುತ್ತದೆ. ಅದೂ ಆಗದಿದ್ದರೆ ಕೌದಿ. ಹಳಿಯಾಳ ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನು ನೋಡಿದವರಿಗೆ ಗೊತ್ತು, ಮೆತ್ತಗಾದ ಹಳೆಯ ಹತ್ತಿಗಿಂತ ಒಳ್ಳೆಯ ಸಾಮಗ್ರಿ ಅದಕ್ಕಿಲ್ಲ. ಪಾಲಿಯೆಸ್ಟರ್ ಬೆರೆಸಬೇಡಿ, ಮೈಗೆ ಅಂಟುತ್ತದೆ.

ಆಷಾಢ ಕಳೆದ ಮೇಲೆ ಶ್ರಾವಣದ ಮೊದಲ ಭಾನುವಾರ ಕ್ಲಾಸಿನಲ್ಲಿ ಹೊಸ ಕಟಿಂಗ್ ಇಲ್ಲ. ಅಷ್ಟರಲ್ಲಿ ನೀವೆಲ್ಲ ಬೀರುವಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿಕೊಂಡು, ಹೊಲಿದ ಬಟ್ಟೆ ತೊಟ್ಟಾಗೆಲ್ಲ ಅದರ ಹೆಸರಿನ ಮುಂದೆ ಒಂದು ಗೀಟು ಹಾಕಿರಬೇಕು. ಆ ದಿನ ಬರುವಾಗ ಅತಿ ಹೆಚ್ಚು ಗೀಟು ಬಿದ್ದದ್ದು ಒಂದು, ಒಂದೂ ಬೀಳದ್ದು ಒಂದು, ಎರಡನ್ನು ಮಾತ್ರ ತನ್ನಿ. ತೊಳೆದು ತನ್ನಿ, ಇಸ್ತ್ರಿ ಮಾಡಬೇಡಿ, ಎಲ್ಲಿ ಎಳೆಯುತ್ತದೆ ಅಂತ ಸುಕ್ಕು ನೋಡಿದರೆ ನನಗೆ ತಿಳಿಯುತ್ತದೆ. ನಾನೂ ನನ್ನ ಎರಡನ್ನು ತರುತ್ತೇನೆ, ನೀವು ಎಷ್ಟು ಬೇಕಾದರೂ ಬೈಯಬಹುದು. ಹೊಲಿಗೆ ಬಿಚ್ಚುವ ಕೊಕ್ಕೆ ಕ್ಲಾಸಿನಲ್ಲಿ ನಾಲ್ಕೇ ಇವೆ, ಮನೆಯಲ್ಲಿ ಇದ್ದವರು ತಂದರೆ ಒಳ್ಳೆಯದು. ಎರಡು ಗಂಟೆಗೆ ಸರಿಯಾಗಿ ಶುರು, ಆಮೇಲೆ ಕರೆಂಟು ಇರುತ್ತದೆ ಅನ್ನುವ ಭರವಸೆ ಇಲ್ಲ.

ಇಂತಿ ನಿಮ್ಮ,
ಹೊಲಿಗೆ ಕ್ಲಾಸಿನ ಅಕ್ಕ
ಶಿವಮೊಗ್ಗ